ಚುಕ್ಕಿಯಿಂದ ಹೊರಟ ದಾರಿ

ರಾಯಚೂರಿನ ಆ ಪುಟ್ಟ ಕೇಂದ್ರದಲ್ಲಿ ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ಅಲ್ಲಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದವನು ರಿಪೇರಿಯ ಶೇಖರ. ಹಾಕಿ ಎರಡು ದಿನ ಮೀಸೆ ತಿರುವಿಕೊಂಡು ಓಡಾಡಿದ. ಮೂರನೆಯ ದಿನ ಮಧ್ಯಾಹ್ನ ಮೀಸೆ ಇಳಿಯಿತು.

ಮಾನ್ವಿಯ ವಿಶಾಖಾಳಿಗೆ ಮರುದಿನ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ. ಕೊನೆಯ ಪಾಠ ಇನ್ನೂ ಅವಳ ಕೈಸೇರಿರಲಿಲ್ಲ. ಧ್ವನಿಯ ಹನ್ನೆರಡು ತುಂಡುಗಳು ಸಿದ್ಧವಿದ್ದವು. ಯಾವುದು ಎಲ್ಲಿದೆ ಎಂಬ ದಾರಿಯನ್ನು ಸಾಲಾಗಿ ಬರೆದುಕೊಟ್ಟರೆ ಮಾತ್ರ ಪಾಠ ಓಡುತ್ತದೆ. ಬರೆಯಬೇಕಾದವಳು ಕೇಂದ್ರದಲ್ಲೇ ಕೆಲಸ ಮಾಡುವ, ದೇವದುರ್ಗದ ಕಡೆಯ ಗಬ್ಬೂರಿನ ಸುಮಂಗಲಾ; ಬ್ರೈಲ್ ಪುಸ್ತಕವನ್ನು ಬೆರಳಿನಲ್ಲಿ ಓದಿ ಆ ಪಾಠಕ್ಕೆ ದನಿ ಕೊಟ್ಟವಳೂ ಅವಳೇ. ವಿಶಾಖಾಳಂತೆ ಅವಳಿಗೂ ಹುಟ್ಟಿನಿಂದ ಕಣ್ಣಿಲ್ಲ. ವಿಂಡೋಸಿನಲ್ಲಿ ‘ಡಿ’ ಡ್ರೈವಿನ ಹೆಸರು ಒತ್ತಿ ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆ ಹಾಕಿದರೆ ಸಾಕು, ಅವಳು ಬರೆಯುವ ಎಡಿಟರ್ ತಂತ್ರಾಂಶ ಅದರೊಳಗಿನ ಫೈಲುಗಳ ಹೆಸರುಗಳನ್ನು ತಾನೇ ಓದಿ ಹೇಳುತ್ತಿತ್ತು. ಇಂದು ಹೆಡ್‌ಫೋನಿನಲ್ಲಿ ಗಪ್‌ಚುಪ್.

“ಸರ್ಕೊಳ್ರಿ ಮೇಡಂ, ನಾ ಮೌಸ್ ಹಿಡದು ಹುಡುಕ್ತೀನಿ,” ಎಂದ ಶೇಖರ.

“ಕೈ ಹಚ್ಚಬ್ಯಾಡ್ರಿ ಸರ್. ಅದು ಏನಂತದ ಕೇಳಾಕತ್ತೀನಿ.”

ಡ್ರೈವಿನ ಹೆಸರು ಬಿಟ್ಟು, ಎದುರು ದಿಕ್ಕಿಗೆ ವಾಲುವ ಓರೆಗೆರೆ, ಬರೀ ಒಂದು ಸ್ಲ್ಯಾಶ್ ಒತ್ತಿದಳು. ಹೆಸರುಗಳು ಉದುರತೊಡಗಿದವು.

“ಇಲ್ಲಿ ಸಿ, ಡಿ ಏನಿಲ್ರಿ. ಎಲ್ಲಾ ಬಸ್ಸು ಒಂದ ಬಸ್‌ಸ್ಟ್ಯಾಂಡಿನಿಂದ ಬಿಡ್ತಾವ,” ಎಂದು ನಕ್ಕು, ಒಂದೊಂದೇ ಹೆಸರು ಕೇಳುತ್ತ ಮೊದಲ ತುಂಡಿನವರೆಗೆ ಹೋಗಿ ಮುಟ್ಟಿದಳು. ಶೇಖರನಿಗೆ ಹೋದ ಜೀವ ಬಂದಂತಾಯಿತು.

“ಹಿಂಗ ಬರದು ಕಳಸಿಬಿಡ್ರಿ!”

ಅವಳು ಬರೆದದ್ದನ್ನೆಲ್ಲ ಅಳಿಸಿದಳು. ಶೇಖರ ತಲೆಯ ಮೇಲೆ ಕೈಹೊತ್ತ.

“ಈ ದಾರಿ ಈ ಕಂಪ್ಯೂಟರಿಗಷ್ಟ ಗೊತ್ತು. ವಿಶಾಖಾನ ಮನ್ಯಾಗ ವಿಂಡೋಸ್ ಅದರಿ. ಪರೀಕ್ಷಾ ಮುಂದಿಟ್ಕೊಂಡು ಆಕಿ ತಡಕಾಡಬೇಕೇನು?”

ಈ ಸಲ ಮೊದಲು ಒಂದು ಚುಕ್ಕಿ, ಆಮೇಲೆ ಸ್ಲ್ಯಾಶ್. ಚುಕ್ಕಿ ಎಂದರೆ ಪಾಠ ತಾನಿರುವ ಜಾಗ. ತುಂಡುಗಳು ಅದರ ಪಕ್ಕದಲ್ಲೇ ಇದ್ದವು. ಎಡಿಟರ್ ಹನ್ನೆರಡನ್ನೂ ಹೆಸರು ಹಿಡಿದು ಹೇಳಿತು. ಪಾಠವನ್ನು ಎಲ್ಲಿಗೆ ಒಯ್ದರೂ, ಯಾವ ಕಂಪ್ಯೂಟರಿನಲ್ಲಿ ಇಟ್ಟರೂ ಈ ದಾರಿ ತಪ್ಪುವುದಿಲ್ಲ. ಹದಿನೈದು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದ ಶೇಖರನಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಹೊಳೆದಿರಲಿಲ್ಲ. ಇವಳ ಮುಂದೆ ತನ್ನದೇನು ಮಹಾ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಖುಷಿಯಾಯಿತು.

ಪಾಠ ಕಳಿಸಿದರು. ನಾಲ್ಕು ಗಂಟೆಗೆ ಮಾನ್ವಿಯಿಂದ ಫೋನು ಬಂತು. ಹಿಂದೆ ಸುಮಂಗಲಾಳದೇ ದನಿಯಲ್ಲಿ ಪಾಠ ಓಡುತ್ತಿತ್ತು.

“ಅಕ್ಕಾ, ಮನ್ಯಾಗ ಯಾರೂ ಇಲ್ಲ. ಯಾರನ್ನೂ ಕರೀಲಿಲ್ಲ. ನಾನ ತೆಗದೆ!”

“ಹಂಗಾದ್ರ ಫೋನ್ ಇಟ್ಟು ಓದವ್ವಾ,” ಎಂದು ಸುಮಂಗಲಾ ಗದರಿದಳು. ಆದರೆ ಹುಡುಗಿ ಇಡುವ ತನಕ ತಾನು ಇಡಲಿಲ್ಲ.