ಗಾಳಿ ತಿರುಗಿದ ಮಧ್ಯಾಹ್ನ

ಇದು ನನ್ನ ಬಾಯಿಂದ ಬಂದರೂ ನಿಜವಾಗಿ ನಡೆದ ಕತೆ.

ನಮ್ಮ ಮನೆ ರನ್‌ವೇಯ ಬಾಲಕ್ಕೇ ಅಂಟಿಕೊಂಡಿದೆ. ಅಮ್ಮ ನೆಟ್ಟಗೆ ನಿದ್ದೆ ಮಾಡಿ ವರ್ಷಗಳಾದವು. ಶಬ್ದ ಮಿತಿಮೀರಿದ ಮನೆಗಳಿಗೆ ವಿಮಾನ ನಿಲ್ದಾಣದವರೇ ಎರಡು ಪದರದ ಗಾಜಿನ ಕಿಟಕಿ ಹಾಕಿಸಿಕೊಡುತ್ತಾರೆ. ಅದಕ್ಕೆಂದು ಅಧಿಕಾರಿ ಶಬ್ದ ಅಳೆಯಲು ಬಂದ ದಿನವೇ ಗಾಳಿ ತಿರುಗಿ, ವಿಮಾನಗಳೆಲ್ಲ ಆಚೆ ದಿಕ್ಕಿನಿಂದ ಏರಿದವು. ಮೇಜಿನ ಮೇಲೆ ಮೀಟರು ತೂಕಡಿಸುತ್ತಿತ್ತು.

"ಒಳ್ಳೆ ಲೈಬ್ರರಿ ಥರ ಇದೆಯಲ್ರೀ ಮನೆ," ಎಂದರು ಅಧಿಕಾರಿ.

"ನಮಗೆ ಅಭ್ಯಾಸ ಆಗೋಗಿದೆ ಸಾರ್, ಏನೂ ಅನ್ಸಲ್ಲ," ಎಂದು ಅಪ್ಪ ಇದ್ದ ಕೆಲಸವನ್ನೂ ಕೆಡಿಸಿದರು.

ನಾನು ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಯೊಳಗೆ ಬಾಯಿಟ್ಟು, ವಿಮಾನವೊಂದನ್ನು ದೂರದಿಂದ ಹತ್ತಿರಕ್ಕೆ ತಂದೆ. ಕಾಲೇಜಿನ ಮೇಷ್ಟ್ರುಗಳನ್ನೆಲ್ಲ ಅನುಕರಿಸಿ ಪಳಗಿದ ಗಂಟಲು ನನ್ನದು.

"ನಿಜ ಹೇಳ್ಬೇಕಂದ್ರೆ ಸಾರ್, ರಾತ್ರಿ ಹೊತ್ತು ನಾವು..." ಅಪ್ಪನ ಮಾತು ಅಲ್ಲೇ ನಿಂತಿತು. ಸೂರಿನ ಗಾರೆ ಒಳಗೆ ಉದುರದಂತೆ ಅವರ ಅಂಗೈ ಚಹಾದ ಲೋಟ ಮುಚ್ಚಿತು. ಅಮ್ಮ ಎದ್ದು ಗೋಡೆ ಗಡಿಯಾರ ಹಿಡಿದುಕೊಂಡಳು. ಇಬ್ಬರ ಮುಖದಲ್ಲೂ ಏನೂ ಆದಂತಿರಲಿಲ್ಲ.

ನನ್ನ ಉಸಿರು ಮುಗಿದು ವಿಮಾನದ ಸದ್ದು ನಿಂತಿತು.

"...ಚೆನ್ನಾಗೇ ಮಲಗ್ತೀವಿ," ಎಂದರು ಅಪ್ಪ.

ಅಧಿಕಾರಿ ಖಾಲಿ ಆಕಾಶ ನೋಡಿದರು; ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. "ಲೋಟ ಯಾಕೆ ಮುಚ್ಚಿದ್ರಿ ಯಜಮಾನ್ರೇ?"

"ನಾನಾ? ಎಲ್ಲಿ ಮುಚ್ಚಿದೆ?"

"ಅಪ್ಪಾ, ವಿಮಾನ ನಾನೇ," ಎಂದೆ.

ಅಧಿಕಾರಿ ಮೀಟರನ್ನು ಎತ್ತಿಕೊಳ್ಳಲಿಲ್ಲ. "ಗಾಳಿ ಮತ್ತೆ ಈ ಕಡೆ ತಿರುಗೋವರೆಗೂ ಇದು ಇಲ್ಲೇ ಇರ್ಲಿ," ಎಂದು ನಕ್ಕರು. ಅಮ್ಮನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅಪ್ಪ, ಅಂಗೈಯನ್ನು ಲೋಟದ ಮೇಲಿಂದ ತೆಗೆಯದೆಯೇ.