ಎರಡು ಸಲ ತಟ್ಟಿದರೆ

"ಆಸ್ಪತ್ರೆ, ಆಸ್ಪತ್ರೆ, ಆಸ್ಪತ್ರೇ! ಇನ್ನೆರಡೇ ಸೀಟು, ಹತ್ತಿದ ತಕ್ಷಣ ಬಿಡೋದೇ!"

ಹಸಿ ಸುಳ್ಳು. ವ್ಯಾನಿನೊಳಗೆ ಕೂತಿದ್ದ ಸೀಟಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ವರ್ಷಗಳಿಂದ ಆ ಸುಳ್ಳಿನಲ್ಲಿ ಅವಳದೂ ಒಂದು ಪಾಲು. ಖಾಲಿ ವ್ಯಾನನ್ನು ಜನ ಹತ್ತುವುದಿಲ್ಲ, ತುಂಬುತ್ತಿದೆ ಅನ್ನಿಸಿದರೆ ಬಿದ್ದೆದ್ದು ಬರುತ್ತಾರೆ. ಅದಕ್ಕೇ ಈ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂರುವುದನ್ನೇ ಕಸುಬು ಮಾಡಿಕೊಂಡ ಕೆಲವರಿದ್ದರು. ನಿಜವಾದ ಪ್ರಯಾಣಿಕರೊಬ್ಬರು ಹತ್ತಿದಾಗಲೆಲ್ಲ ಕೂಗುವವನು ವ್ಯಾನಿಗೆ ಎರಡು ಸಲ ತಟ್ಟುತ್ತಾನೆ. ಇವರಲ್ಲೊಬ್ಬರು "ಅಯ್ಯೋ, ಕೊಡೆ ಮರೆತೆ" ಎಂದು ಇಳಿಯುತ್ತಾರೆ. ಸುಡು ಬಿಸಿಲಿನಲ್ಲೂ ಮರೆಯುವುದು ಕೊಡೆಯನ್ನೇ.

ಇವತ್ತು ಮಾತ್ರ ಸೀಟಕ್ಕ ನಿಜವಾಗಿ ಹೋಗಬೇಕಿತ್ತು. ಮಗಳಿಗೆ ಹೆರಿಗೆ ನೋವು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿ ಫೋನು ಮಾಡಿದ್ದರು: "ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ ಒಂದೇ ಸಮ ಕೇಳ್ತಿದಾಳೆ. ಬೇಗ ಬನ್ನಿ."

ಸುತ್ತ ನೋಡಿದಳು. ಹಿಂದೆ ಪೇಪರ್ ತಾತ, ಕೈಯಲ್ಲಿ ನಿನ್ನೆಯದೇ ಪೇಪರು. ಪಕ್ಕದಲ್ಲಿ ಖಾಲಿ ಸೂಟ್‌ಕೇಸಿನವನು. ಮುಂದೆ, ಸತ್ತ ಫೋನಿನಲ್ಲಿ ಗಂಡನನ್ನು ಬೈಯುತ್ತಿದ್ದ ದಪ್ಪಕ್ಕ. ಎಲ್ಲ ನಮ್ಮವರೇ! ಬೀದಿಗೆಲ್ಲ ತುಂಬಿದಂತೆ ಕಾಣುತ್ತಿದ್ದ ವ್ಯಾನು ಅವಳ ಕಣ್ಣಿಗೆ ಬಟ್ಟಬಯಲು.

"ಲೋ, ಇವತ್ತು ನಾನು ನಿಜವಾದ ಪ್ಯಾಸೆಂಜರು ಕಣೋ. ಗಾಡಿ ಬಿಡಿಸೋ!"

"ಆಹಾ, ಏನು ಆ್ಯಕ್ಟಿಂಗ್ ಅಕ್ಕಾ! ಕಣ್ಣಲ್ಲಿ ನೀರು ಬೇರೆ!" ಕೂಗುವವನು ಮೆಚ್ಚಿಕೊಂಡು ಅತ್ತ ಓಡಿದ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಅವನದೇ ಒಡಕು ದನಿಯಲ್ಲಿ, ಅವನ ಹಾಗೇ ಮೂಗಿನಿಂದ ಕೂಗಿದಳು: "ಆಸ್ಪತ್ರೆ, ಆಸ್ಪತ್ರೇ!" ಕೂಗುವವನೇ ಬೆಚ್ಚಿ ತನ್ನ ಗಂಟಲು ಮುಟ್ಟಿಕೊಂಡ. ಜನ ಬಂದರು. ಟಪ್ ಟಪ್, ತಾತ ಇಳಿದ. ಟಪ್ ಟಪ್, ಸೂಟ್‌ಕೇಸು. ಟಪ್ ಟಪ್, ದಪ್ಪಕ್ಕ. ಇನ್ನೇನು ಹೊರಡಬೇಕು, ಕೊನೆಗೊಬ್ಬ ಓಡಿಬಂದ.

ಟಪ್ ಟಪ್.

"ಅಯ್ಯೋ, ಕೊಡೆ ಮರೆತೆ."

ಕಾಲು ನೆಲ ಮುಟ್ಟಿದ ಮೇಲೆಯೇ ಸೀಟಕ್ಕನಿಗೆ ಎಚ್ಚರವಾದದ್ದು. ಅಷ್ಟರಲ್ಲಿ ವ್ಯಾನು ಮುಖಕ್ಕೆ ಹೊಗೆ ಊದಿ ತಿರುವು ದಾಟಿತ್ತು.

ನಗಲು ಬಾಯಿ ತೆರೆದ ಕೂಗುವವನು ಅವಳ ಮುಖ ನೋಡಿ ಹಾಗೇ ನಿಂತ. "ಅಕ್ಕಾ... ನಿಜಾನಾ?"

ಅವಳ ಕೈಯಲ್ಲಿ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಮುಂದಿನ ವ್ಯಾನು ಬಂದು ನಿಂತಿತು, ಪೂರ್ತಿ ಖಾಲಿ.

ಪೇಪರ್ ತಾತ ಪೇಪರು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿದ. "ಏನು ನೋಡ್ತಾ ನಿಂತೆ? ಹತ್ತು, ತಾಯಿ." ಅವಳು ಹತ್ತಿದಳು. ಹಿಂದೆಯೇ ಸೂಟ್‌ಕೇಸು, ಅದರ ಹಿಂದೆ ದಪ್ಪಕ್ಕ.

"ತಾತಾ, ನೀವು ಕೂತ್ರೆ ಗಾಡಿ ತುಂಬ್ತದಾ?" ಡ್ರೈವರ್ ಗೊಣಗಿದ.

"ಇಷ್ಟು ವರ್ಷ ತುಂಬಿದ ಹಾಗೆ ಕಾಣ್ತಿತ್ತಲ್ಲಪ್ಪಾ? ಇವತ್ತೂ ಹಾಗೇ ಅಂದ್ಕೋ. ನಡಿ."

ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಸೀಟಕ್ಕನನ್ನು ನೋಡಿ ಕೀಲಿ ತಿರುಗಿಸಿದ. ವ್ಯಾನು ಅಲುಗಿತು. ಯಾರೋ ಒಬ್ಬ ಓಡಿಬಂದು ಬಾಗಿಲಿಗೆ ಹಾರಿದ, ಕೂಗುವವನ ಕೈ ತಾನಾಗಿ ಎರಡು ಸಲ ತಟ್ಟಿತು.

ಯಾರೂ ಇಳಿಯಲಿಲ್ಲ.