ಮರಳರಾಶಿಗೆ ಬಂದ ನತ್ತಿಂಗ

ನಮ್ಮ ಮರಳು ಯಾರ್ಡಿನಲ್ಲಿ ಲಾರಿಗಳನ್ನು ತೂಕಕ್ಕೆ ಹಾಕುವವಳು ನಾನು. ಹದಿನಾರು ವರ್ಷದಲ್ಲಿ ನನ್ನ ಕಣ್ಣಳತೆ ತಪ್ಪಿದ್ದಿಲ್ಲ. ಸೋಮವಾರ ಬೆಳಿಗ್ಗೆ ಮೂರನೇ ರಾಶಿಯ ಮೇಲಿದ್ದ ಮರಳಿನ ಹೆಂಟೆಯೊಂದು ಕಣ್ಣು ತೆರೆದಾಗ, ಅದು ಹೆಂಟೆಯಲ್ಲವೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕನ ಗಂಡ, ನಮ್ಮ ಭಾವ, ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಕ್ಕಿ ಎಂದರೆ ಊಟ ಬಿಟ್ಟು ಓಡಿಬರುತ್ತಾರೆ. ಬಂದು ನೋಡಿದರು. ದುರ್ಬೀನು ಇಳಿಸಿ ನನ್ನತ್ತ ತಿರುಗಿದರು.

"ಮರುಭೂಮಿಯ ನತ್ತಿಂಗ ಕಣಮ್ಮ! ರಾತ್ರಿ ಹಾರೋ ಹಕ್ಕಿ, ಹಗಲೆಲ್ಲ ಹೀಗೇ ಮರಳಲ್ಲಿ ಮರಳಾಗಿ ಕೂತಿರುತ್ತೆ. ಗಾಳಿಗೆ ಸಿಕ್ಕಿ ದಾರಿ ತಪ್ಪಿದೆ. ಒಂದು ವಾರ ಸುಮ್ನೆ ಬಿಟ್ರೆ ಚೇತರಿಸ್ಕೊಂಡು ಹೋಗುತ್ತೆ. ಮುಟ್ಟಿ ಎತ್ತಿದ್ರೆ ಗಾಬರಿಗೇ ಸತ್ತುಹೋಗುತ್ತೆ."

ಯಾರ್ಡಿನ ಯಜಮಾನರನ್ನು ಕೇಳಿದೆ. ಕೆಟ್ಟವರೇನಲ್ಲ. "ಶುಕ್ರವಾರ ಆ ರಾಶಿ ಎತ್ತಬೇಕು. ಅಪರೂಪದ ಹಕ್ಕಿ ಅಂತ ಪಕ್ಷಿ ಸಮಿತಿಯವರ ಹತ್ರ ಒಂದು ಕಾಗದ ತಗೊಂಡ್ ಬಾ, ಬೇರೆ ರಾಶಿ ಎತ್ತಿಸ್ತೀನಿ" ಎಂದರು.

ಭಾವ ಅದರ ಚಿತ್ರ ಬರೆದರು, ನಾನು ಫೋಟೋ ತೆಗೆದೆ. ಎರಡನ್ನೂ ಕಳಿಸಿದರೆ ಸಮಿತಿಯ ಕಾರ್ಯದರ್ಶಿ ಫೋನಿನಲ್ಲೇ ನಕ್ಕರು.

"ಇದರಲ್ಲಿ ಬರೀ ಮರಳಿದೆಯಲ್ರೀ. ರೆಕ್ಕೆ ಬಿಚ್ಚಿದ ಫೋಟೋ ಬೇಕು. ಎಬ್ಬಿಸಿ ಹಾರಿಸಿ."

"ನಿತ್ರಾಣವಾಗಿದೆ ಸಾರ್, ಹಾರಿಸಿದ್ರೆ ಸಾಯುತ್ತೆ. ನೀವೇ ಬಂದು ನೋಡಿ."

"ಆ ಹಕ್ಕಿ ಈ ಕಡೆ ಬರೋದೇ ಇಲ್ಲಮ್ಮ. ಬರದೇ ಇರೋದನ್ನ ಬಂದು ಏನು ನೋಡ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ದಾರಿ ತಪ್ಪಿದ್ದಕ್ಕೆ ತಾನೇ ಅದು ಇಲ್ಲಿರುವುದು! ದಾರಿ ತಪ್ಪುವ ಮುಂಚೆ ಇವರ ಪುಸ್ತಕ ಓದಿಕೊಂಡು ಹೊರಡಬೇಕಿತ್ತೇ? ಗುರುವಾರದೊಳಗೆ ಒಂಬತ್ತು ಸಲ ಫೋನ್ ಮಾಡಿದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು.

ಶುಕ್ರವಾರ ಮರಳೆತ್ತುವ ಯಂತ್ರ ಬಂತು. ಡ್ರೈವರನ್ನು ಬೇಡಿಕೊಂಡು ಹಕ್ಕಿಯಿಲ್ಲದ ಬದಿಯಿಂದ ತೆಗೆಸಿದೆ. ಅರ್ಧ ತೆಗೆಯುವಷ್ಟರಲ್ಲಿ ಉಳಿದ ರಾಶಿ ಕುಸಿಯಿತು. ಹಕ್ಕಿ ಹಾರಲಿಲ್ಲ, ಅದಕ್ಕೆ ಶಕ್ತಿಯೇ ಇರಲಿಲ್ಲ. ಬರಿಗೈಯಲ್ಲಿ ತೋಡಿ ತೆಗೆದೆ. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಭಾವ ಅಳುತ್ತಲೇ ಅದರ ರೆಕ್ಕೆ ಬಿಡಿಸಿ ಫೋಟೋ ಕಳಿಸಿದರು. ಒಂದೇ ಗಂಟೆಯಲ್ಲಿ ಕಾರ್ಯದರ್ಶಿ ಐಸ್ ಪೆಟ್ಟಿಗೆ ಹಿಡಿದು ಬಂದಿಳಿದರು.

"ದೇಶಕ್ಕೇ ಮೊದಲ ದಾಖಲೆ! ನಿಮ್ಮ ಹೆಸರೂ ಬರುತ್ತೆ, ಇಲ್ಲಿ ಸಹಿ ಹಾಕಿ."

ಓದಿದೆ. ಕಂಡ ದಿನ: ಶುಕ್ರವಾರ. ಸ್ಥಿತಿ: ಸತ್ತಿತ್ತು.

ಎರಡನ್ನೂ ಹೊಡೆದುಹಾಕಿ ಬರೆದೆ: ಸೋಮವಾರ. ಬದುಕಿತ್ತು. ಒಂಬತ್ತು ಸಲ ಕರೆದರೂ ಸಮಿತಿ ಬರಲಿಲ್ಲ.

"ಹಾಗೆಲ್ಲ ಬರೆಯೋ ಹಾಗಿಲ್ಲ ಕಣಮ್ಮ!"

"ಹಾಗಾದ್ರೆ ಪೆಟ್ಟಿಗೆ ಖಾಲಿ ತಗೊಂಡ್ ಹೋಗಿ. ಈ ಕಡೆ ಬರದೇ ಇರೋ ಹಕ್ಕೀನ ಹೇಗೆ ಒಯ್ತೀರಾ?"

ಅವರು ನನ್ನ ಬರಹದ ಕೆಳಗೆ ಸಹಿ ಹಾಕುವವರೆಗೂ ನಾನು ಹಕ್ಕಿಯನ್ನು ಮಡಿಲಿನಿಂದ ಇಳಿಸಲಿಲ್ಲ.